ಕ್ಲಚ್ ಮೇಡಂ ಮತ್ತು ಇನ್ನೂರು ಕುದುರೆ

ಅವಳ ಅರ್ಧ ಆಯಸ್ಸು ಕಳೆದದ್ದು ಪಕ್ಕದ ಸೀಟಿನಲ್ಲಿ. ಡ್ರೈವಿಂಗ್ ಸ್ಕೂಲಿನ ಆ ಚಿಕ್ಕ ಬಿಳಿ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲಿಗೂ ಒಂದು ಬ್ರೇಕು, ಒಂದು ಕ್ಲಚ್ಚು ಇದ್ದವು. ಕಲಿಯುವವರು ಸ್ಟೀರಿಂಗನ್ನು ಹಾವು ಹಿಡಿದ ಹಾಗೆ ಹಿಡಿದುಕೊಂಡು ಕೂತರೆ ಇವಳು ಕಿಟಕಿಯ ಹೊರಗೆ ನೋಡುತ್ತಲೇ, "ಕ್ಲಚ್ ಬಿಡಿ... ನಿಧಾನ... ನಿಧಾನ ಅಂದ್ರೆ ನಿಧಾನ!" ಅನ್ನುತ್ತಿದ್ದಳು. ಊರಿಗೆಲ್ಲ ಅವಳು ಕ್ಲಚ್ ಮೇಡಂ. ಕಲಿತು ಹೋದವರು ಸಂತೆಯಲ್ಲೋ ಆಸ್ಪತ್ರೆಯಲ್ಲೋ ಸಿಕ್ಕಿದರೆ ಇಷ್ಟಗಲ ನಕ್ಕು ಮಾತಾಡಿಸುತ್ತಿದ್ದರು. ಬೆನ್ನ ಹಿಂದೆ ಮಾತ್ರ, "ಪಾಪ, ಮೇಡಂಗೆ ಸ್ಪೀಡು ಅಂದ್ರೆ ಪ್ರಾಣಭಯ" ಎಂದು ಆಡಿಕೊಳ್ಳುತ್ತಿದ್ದರು.

ಒಂದು ಕಾಲದಲ್ಲಿ ಕಲ್ಲುಕ್ವಾರಿ ಗುಡ್ಡದ ರಸ್ತೆಯಲ್ಲಿ ಅವಳ ಕಾರಿನ ಬೆನ್ನು ಹತ್ತಲು ಗಂಡಸರೇ ಹಿಂದೆಮುಂದೆ ನೋಡುತ್ತಿದ್ದರು ಎಂದರೆ ಇವರಲ್ಲಿ ಯಾರೂ ನಂಬುತ್ತಿರಲಿಲ್ಲ. ಅವಳೂ ಹೇಳಲು ಹೋಗಲಿಲ್ಲ.

ಅಪ್ಪ ಲಾರಿ ಓಡಿಸುತ್ತಿದ್ದವನು. ಮಕ್ಕಳಿಬ್ಬರಿಗೂ ಖಾಲಿ ಲಾರಿಯ ಮೇಲೆ ಕಲಿಸಿದ. ಮಗನಿಗೆ ಬಾನೆಟ್ಟಿನ ಒಳಗೆ ಏನಿದೆ ಎನ್ನುವ ಕುತೂಹಲ, ಮಗಳಿಗೆ ರಸ್ತೆಯ ಆ ತುದಿಯಲ್ಲಿ ಏನಿದೆ ಎನ್ನುವ ಆತುರ. ಅಣ್ಣ ಮೆಕ್ಯಾನಿಕ್ ಕೆಲಸ ಕಲಿತು ಊರ ಹೊರಗಿನ ಕಾರು ಕಾರ್ಖಾನೆ ಸೇರಿದ. ತಂಗಿ ಲಾಂಡ್ರಿಯೊಂದರ ವ್ಯಾನು ಓಡಿಸಲು ನಿಂತಳು. ಆಸ್ಪತ್ರೆ, ಹೋಟೆಲುಗಳಿಂದ ಕೊಳೆ ಹೊದಿಕೆಗಳನ್ನು ತರುವುದು, ಇಸ್ತ್ರಿಯಾದವನ್ನು ಬಿಸಿ ಆರುವ ಮೊದಲು ಮುಟ್ಟಿಸುವುದು. ಆ ವ್ಯಾನಿನಲ್ಲೇ ಅವಳ ಕೈ ಪಳಗಿತು. ಬ್ರೇಕು ಎಲ್ಲಿ ಹಿಡಿಯಬೇಕು ಎನ್ನುವುದಕ್ಕಿಂತ ಎಲ್ಲಿ ಬಿಡಬೇಕು ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಊರಿನ ಮೋಟಾರು ಕ್ಲಬ್ಬು ವರ್ಷಕ್ಕೊಮ್ಮೆ ಆ ಗುಡ್ಡದ ರಸ್ತೆಯನ್ನು ಮುಚ್ಚಿಸಿ, ಒಬ್ಬೊಬ್ಬರನ್ನೇ ಮೇಲಕ್ಕೆ ಬಿಟ್ಟು ಓಟದ ಪಂದ್ಯ ನಡೆಸುತ್ತಿತ್ತು. ಅಪ್ಪನ ಸ್ನೇಹಿತನ ಹಳೆಯ ಡಬ್ಬಾ ಕಾರನ್ನು ಎರವಲು ತಂದು, ಸಣ್ಣ ಕಾರುಗಳ ವಿಭಾಗದಲ್ಲಿ ಅವಳು ಗೆದ್ದಳು. ಮರುವರ್ಷವೂ ಗೆದ್ದಳು. ಅಣ್ಣ ಅವಳನ್ನು ಎತ್ತಿಕೊಂಡು ಒಂದು ಸುತ್ತು ತಿರುಗಿಸಿ, "ನಮ್ಮ ಮನೆ ಹುಲಿ ಇದು" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ್ದ.

ಆ ಹೊತ್ತಿಗೆ ಅಣ್ಣನ ಕಾರ್ಖಾನೆ ಟರ್ಬೋ ಕಾರೊಂದನ್ನು ಹೊರತಂದಿತು. ಎಂಜಿನ್ನಿನ ಹೊಗೆಯ ರಭಸಕ್ಕೇ ಒಂದು ಪುಟ್ಟ ಚಕ್ರ ಗಿರಗಿರನೆ ತಿರುಗಿ, ಅದೇ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಏರ್ಪಾಡು. ಗಾಳಿ ಹೆಚ್ಚಿದಷ್ಟೂ ಬಲ ಹೆಚ್ಚು. ಊರ ತುಂಬ ಅದರದೇ ಫಲಕಗಳು: "ಇನ್ನೂರು ಕುದುರೆ, ನಿಮ್ಮ ಪಾದದಡಿ." ಪತ್ರಿಕೆಗಳವರಂತೂ ತಲೆ ಮೇಲೆ ಹೊತ್ತು ಕುಣಿದರು. ಪತ್ರಿಕೆಯವರಿಗೆ ಓಡಿಸಿ ನೋಡಲು ಕೊಡುವ ಕಾರುಗಳನ್ನು ಸಿದ್ಧ ಮಾಡುವ ಗ್ಯಾರೇಜಿನಲ್ಲೇ ಅಣ್ಣನಿಗೆ ಕೆಲಸ. ಒಂದು ಭಾನುವಾರ ಅಂಥದ್ದೊಂದು ಕೆಂಪು ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿ ಕೀಲಿಕೈ ಚಾಚಿದ.

"ತಗೋ. ಯಾರಿಗೂ ಹೇಳಬೇಡ. ಊರಾಚೆ ಹೋಗಿ ನೋಡು."

ಮೂರನೇ ಗೇರಿನಲ್ಲಿ ಕಾಲೂರಿದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಯಾರೋ ಎದೆಗೆ ಕೈಯಿಟ್ಟು ಸೀಟಿಗೆ ಒತ್ತಿದ ಹಾಗಾಯಿತು. ಅಕ್ಕಪಕ್ಕದ ಮರಗಳು ಮರಗಳಾಗಿ ಉಳಿಯಲಿಲ್ಲ. ಅವಳು ಗಟ್ಟಿಯಾಗಿ ನಕ್ಕಳು. ಪಕ್ಕದಲ್ಲಿ ಕೂತಿದ್ದ ಅಣ್ಣನೂ ನಕ್ಕ. ಅವರಿಬ್ಬರೂ ಹಾಗೆ ಜೊತೆಯಾಗಿ ನಕ್ಕದ್ದು ಅದೇ ಕೊನೆ ಎಂದು ಆಗ ಯಾರಿಗೆ ಗೊತ್ತಿತ್ತು?

ಅವಳಿಗೆ ಆ ಕಾರೇ ಬೇಕಾಯಿತು. ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು, ಮಿತಭಾಷಿ. "ನಿನಗೆ ಅಷ್ಟು ಆಸೆಯಿದ್ರೆ ತಗೋ" ಎಂದ. ನೌಕರರ ಮನೆಯವರಿಗೆ ಸಿಗುವ ರಿಯಾಯಿತಿಗೆ ಅಣ್ಣನೇ ಸಹಿ ಹಾಕಿಸಿದ. ಸಾಲವಾಯಿತು, ಕಾರು ಬಂತು. ಅದೇ ಕೆಂಪು, ಅದೇ ಸೀಟು, ಹೊಸ ಪ್ಲಾಸ್ಟಿಕ್ಕಿನ ಅದೇ ವಾಸನೆ. ಊರಾಚೆ ಹೋಗಿ ಮೂರನೇ ಗೇರಿನಲ್ಲಿ ಕಾಲೂರಿದಳು. ಕಾರು ಓಡಿತು. ಚೆನ್ನಾಗಿಯೇ ಓಡಿತು. ಎದೆಯ ಮೇಲಿನ ಆ ಕೈ ಮಾತ್ರ ಬರಲಿಲ್ಲ.

ಹೊಸ ಎಂಜಿನ್ನು, ಬಿಗಿಯಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ತಿಂಗಳುಗಳು ಕಳೆದರೂ ಅದೇ ಹಾಡು. ಶೋರೂಮಿಗೆ ಒಯ್ದಳು. ಅಲ್ಲಿನ ಸರ್ವಿಸ್ ಮೇಲ್ವಿಚಾರಕ ಬಾನೆಟ್ಟು ಎತ್ತಿದ ಶಾಸ್ತ್ರ ಮಾಡಿ, "ಮೇಡಂ, ಟರ್ಬೋ ಗಾಡಿ ಸ್ವಲ್ಪ ಬೇರೆ ಥರ. ಜೋರಾಗಿ ರೇಸ್ ಮಾಡ್ಬೇಕು, ಆಗ ಎದ್ದೇಳತ್ತೆ. ಮನೇಲಿ ಯಜಮಾನ್ರು ಇದ್ರೆ ಅವರನ್ನ ಕಳಿಸಿ, ತೋರಿಸ್ಕೊಡ್ತೀನಿ" ಎಂದ.

"ಯಜಮಾನ್ರಿಗೆ ಡ್ರೈವಿಂಗ್ ಬರಲ್ಲ," ಎಂದಳು ಅವಳು.

ಅವನು ಹಲ್ಲು ಕಿರಿದ.

ಆ ವರ್ಷದ ಪಂದ್ಯದಲ್ಲಿ ಹೊಸದೊಂದು ವಿಭಾಗ ಮಾಡಿದ್ದರು. ಎಲ್ಲರದೂ ಅದೇ ಟರ್ಬೋ ಕಾರು, ಕಾರ್ಖಾನೆಯಿಂದ ಬಂದ ಹಾಗೆಯೇ ಇರಬೇಕು, ಯಾರೂ ಎಂಜಿನ್ನಿಗೆ ಕೈ ಹಾಕಕೂಡದು. ಓಡಿಸುವವರ ಕೈಚಳಕವೊಂದೇ ಲೆಕ್ಕಕ್ಕೆ ಎಂದು ಧ್ವನಿವರ್ಧಕದಲ್ಲಿ ಸಾರಿದರು. ಕ್ಲಬ್ಬಿನ ಕಾರ್ಯದರ್ಶಿಯ ಅಳಿಯನೂ ಕಣಕ್ಕಿಳಿದಿದ್ದ. ಅವನ ಕಾರನ್ನು ಪ್ರಚಾರಕ್ಕೆಂದು ಕಾರ್ಖಾನೆಯೇ ಕೊಟ್ಟಿತ್ತು. ಅದನ್ನು ಸಿದ್ಧ ಮಾಡಿದವನು ಅಣ್ಣ.

ತಿರುವುಗಳಲ್ಲೆಲ್ಲ ಅವಳೇ ಮೇಲು ಎಂದು ರಸ್ತೆಬದಿ ನಿಂತವರು ಒಪ್ಪಿಕೊಂಡರು. ಆದರೆ ಕ್ವಾರಿಯ ತಿರುವು ದಾಟಿದ ಮೇಲೆ ನೇರ ಏರು ಸಿಗುತ್ತದೆ. ಅಲ್ಲಿ ಅಳಿಯನ ಕಾರು ಬಾಲಕ್ಕೆ ಬೆಂಕಿ ಬಿದ್ದ ಹಾಗೆ ಹಾರಿತು, ಅವಳದು ಗೋಗರೆಯಿತು. ಅಳಿಯ ಗೆದ್ದ. ಗೆದ್ದದ್ದು ಕೂದಲೆಳೆಯಲ್ಲಲ್ಲ, ನೋಡಿದವರಿಗೆ ನಗು ಬರುವಷ್ಟು ಅಂತರದಲ್ಲಿ. ಮರುದಿನ ಊರಿನ ಪತ್ರಿಕೆ ಅವಳ ಫೋಟೊ ಹಾಕಿ, ಕೆಳಗೆ ಹೀಗೆ ಬರೆಯಿತು: "ಕುದುರೆಗಳಿವೆ, ಲಗಾಮು ಹಿಡಿಯುವ ಕೈ ಸಾಲದು."

ಅವಳು ಅಣ್ಣನ ಮನೆಗೆ ಹೋದಳು.

"ಒಂದ್ಸಲ ನನ್ನ ಗಾಡಿ ನೋಡು ಅಣ್ಣ. ಎಲ್ಲೋ ಏನೋ ಸರಿಯಿಲ್ಲ. ನೀನು ತಂದಿದ್ದ ಗಾಡಿ ಹೀಗಿರಲಿಲ್ಲ."

ಅಣ್ಣ ಅವಳ ಕಾರನ್ನು ಬೀದಿಯ ಆ ತುದಿಯವರೆಗೆ ಓಡಿಸಿಕೊಂಡು ಬಂದ. ಬಾನೆಟ್ಟು ಎತ್ತಿ ಬಗ್ಗಿ ನೋಡಿದ. ಕೈಗೆ ಮಸಿಯೇನೂ ಆಗಿರಲಿಲ್ಲ. ಆದರೂ ಬಟ್ಟೆ ತೆಗೆದುಕೊಂಡು ಒಂದೊಂದೇ ಬೆರಳನ್ನು ಒರೆಸುತ್ತ ನಿಂತ. ಆಮೇಲೆ ಹೇಳಿದ:

"ಗಾಡಿಯಲ್ಲಿ ಏನೂ ತೊಂದ್ರೆ ಇಲ್ಲ. ನೋಡು, ಬೇಜಾರು ಮಾಡ್ಕೋಬೇಡ. ಆ ಡಬ್ಬಾ ಕಾರು ಬೇರೆ, ಇದು ಬೇರೆ. ಇದನ್ನ ಓಡಿಸೋಕೆ ಬೇರೆ ಕಾಲು ಬೇಕು. ನಿನಗೆ ಒಗ್ಗಿಲ್ಲ."

ಶೋರೂಮಿನವನ ಮಾತನ್ನು ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ, ಪತ್ರಿಕೆಯವನ ಮಾತಿಗೆ ಮೂಗು ಮುರಿದಿದ್ದಳು. ಇದು ಹಾಗಲ್ಲ. ಲಾರಿಯ ಪೆಡಲಿಗೆ ಕಾಲು ಎಟುಕದ ವಯಸ್ಸಿನಿಂದ ಅವಳ ಡ್ರೈವಿಂಗ್ ನೋಡಿದವನು ಹೇಳುತ್ತಿದ್ದಾನೆ. ಮನೆಗೆ ಬಂದು ಗಂಡನಿಗೆ ಹೇಳಿದಾಗ ಅವನು, "ನಿಮ್ಮಣ್ಣನೇ ಹೇಳಿದ್ಮೇಲೆ ಇನ್ನೇನು?" ಎಂದ. ಹೌದಲ್ಲ, ಇನ್ನೇನು? ಅವಳು ಒಪ್ಪಿಕೊಂಡಳು.

ಒಪ್ಪಿಕೊಂಡವಳು ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ತನ್ನ ಕಾಲಿನ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತೇನೆಂದು ಹಟ ಹಿಡಿದಳು. ಬೆಳಿಗ್ಗೆ ವ್ಯಾನಿನ ಕೆಲಸಕ್ಕೆ ಮೊದಲು ಗುಡ್ಡಕ್ಕೆ ಹೋಗಿ ಅದೇ ತಿರುವು, ಅದೇ ಏರು, ಮತ್ತೆ ಮತ್ತೆ. ನೇರ ದಾರಿಯಲ್ಲಿ ಕಳೆದುಕೊಳ್ಳುವುದನ್ನು ತಿರುವಿನಲ್ಲಿ ಗಳಿಸಬೇಕು, ಅಂದರೆ ಬ್ರೇಕನ್ನು ಇನ್ನೂ ತಡವಾಗಿ ಹಿಡಿಯಬೇಕು, ಅದಕ್ಕಿಂತಲೂ ತಡವಾಗಿ. ಮರುವರ್ಷದ ಪಂದ್ಯದ ದಿನ ಕ್ವಾರಿಯ ತಿರುವಿನಲ್ಲಿ ಕಾರು ಅವಳ ಮಾತು ಕೇಳಲಿಲ್ಲ. ಕಲ್ಲಿನ ಗೋಡೆಗೆ ಪಕ್ಕೆ ಕೊಟ್ಟು ಬಡಿಯಿತು. ಭುಜದ ಮೂಳೆ ಎರಡು ಕಡೆ ಮುರಿಯಿತು. ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿದ ಹೊದಿಕೆಯ ಮೂಲೆಯಲ್ಲಿ ಅವಳದೇ ಲಾಂಡ್ರಿಯ ಗುರುತಿತ್ತು.

ಅಣ್ಣ ನೋಡಲು ಬಂದ. ಹಾಸಿಗೆಯ ಪಕ್ಕ ಕೂತು ಅತ್ತ. ಅಷ್ಟೊಂದು ಯಾಕೆ ಅಳುತ್ತಾನೆಂದು ಅವಳಿಗೆ ಮುಜುಗರವೇ ಆಯಿತು. "ಬಿಡು ಅಣ್ಣ, ತಪ್ಪು ನಂದೇ. ನೀನು ಮೊದಲೇ ಹೇಳಿದ್ದೆ" ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು.

ನುಜ್ಜುಗುಜ್ಜಾದ ಕಾರು ಗುಜರಿಗೆ ಹೋಯಿತು. ಕೂಡಿದ ಭುಜಕ್ಕೆ ಹೊದಿಕೆಯ ಗಂಟುಗಳನ್ನು ಎತ್ತುವ ಶಕ್ತಿ ಉಳಿಯಲಿಲ್ಲ, ವ್ಯಾನಿನ ಕೆಲಸವೂ ಕೈಬಿಟ್ಟಿತು. ಡ್ರೈವಿಂಗ್ ಸ್ಕೂಲಿನವರು ಹೆಂಗಸರಿಗೆ ಕಲಿಸಲು ಹೆಂಗಸೊಬ್ಬಳನ್ನು ಹುಡುಕುತ್ತಿದ್ದರು. ಹೋಗಿ ಸೇರಿಕೊಂಡಳು. ಹೀಗೆ ಅವಳು ಕ್ಲಚ್ ಮೇಡಂ ಆದಳು. ಅಣ್ಣ ಮೇಲೇರುತ್ತ ಹೋಗಿ ಆ ಗ್ಯಾರೇಜಿಗೇ ಮುಖ್ಯಸ್ಥನಾಗಿ ನಿವೃತ್ತನಾದ. ಕುಟುಂಬದ ಊಟಗಳಲ್ಲಿ ಯಾರಾದರೂ ಕಾರಿನ ಮಾತು ಎತ್ತಿದರೆ ಅವಳೇ ಮೊದಲು ನಕ್ಕು, "ಅಯ್ಯೋ, ನನ್ನ ಕಾಲಿಗೆ ಅದೆಲ್ಲ ಆಗ್ಬರಲ್ಲ" ಅನ್ನುತ್ತಿದ್ದಳು. ಹೇಳಿ ಹೇಳಿ ಆ ಮಾತಿನ ಮೊನೆ ಸವೆದುಹೋಗಿತ್ತು.

ಅವಳ ಗಂಡ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು, ದಂತವೈದ್ಯೆ, ಫೋನು ಮಾಡಿದಳು. ಆ ಟರ್ಬೋ ಕಾರುಗಳು ಈಗ ಹಳೆಯ ಕಾರಿನ ಹುಚ್ಚಿದ್ದವರ ಕಣ್ಮಣಿಗಳಾಗಿದ್ದವು. ದಂತವೈದ್ಯೆಯೂ ಒಂದನ್ನು ಕೊಂಡು ಮಗುವಿನಂತೆ ಸಾಕುತ್ತಿದ್ದಳು.

"ಮೇಡಂ, ನೀವು ಒಂದ್ಕಾಲದಲ್ಲಿ ಇದನ್ನೇ ಓಡಿಸ್ತಿದ್ರಂತೆ! ನಮಗೆ ಹೇಳ್ಲೇ ಇಲ್ಲ! ಭಾನುವಾರ ಎಲ್ಲರೂ ಸೇರ್ತಿದೀವಿ. ಗಾಡಿಗಳ ಶಕ್ತಿ ಅಳೆಯೋ ಮಿಷಿನ್ನೂ ತರಿಸ್ತಿದಾರೆ. ಬನ್ನಿ, ಬರಲೇಬೇಕು."

ಹೋದಳು. ಮೈದಾನದ ಒಂದು ಕೊನೆಯಲ್ಲಿ ಚಪ್ಪರ, ಅದರ ಕೆಳಗೆ ನೆಲಕ್ಕೆ ಕೂರಿಸಿದ ಎರಡು ದಪ್ಪ ಕಬ್ಬಿಣದ ಉರುಳೆಗಳು. ಕಾರಿನ ಚಕ್ರವನ್ನು ಅವುಗಳ ಮೇಲೆ ನಿಲ್ಲಿಸಿ, ಪಟ್ಟಿ ಬಿಗಿದು, ನಿಂತಲ್ಲೇ ಪೂರ್ತಿ ಓಡಿಸಿದರೆ ಎಂಜಿನ್ನಿನ ಬಲ ಎಷ್ಟೆಂದು ಪರದೆಯ ಮೇಲೆ ಮೂಡುತ್ತಿತ್ತು. ಮೊದಲ ಕಾರು ನೂರ ಅರವತ್ತೆಂಟು ಕುದುರೆ ತೋರಿಸಿತು. ಮಾಲೀಕನ ಮುಖ ಸಣ್ಣದಾಯಿತು. ಎರಡನೆಯದು ನೂರ ಅರವತ್ತೊಂದು. ದಂತವೈದ್ಯೆಯದು ನೂರ ಎಪ್ಪತ್ತು ಮುಟ್ಟಿ ನಿಂತಿತು. "ಹಳೇ ಎಂಜಿನ್ನು, ಸವೆದಿರತ್ತೆ ಬಿಡಿ" ಎಂದು ಒಬ್ಬರಿಗೊಬ್ಬರು ಬೆನ್ನು ತಟ್ಟಿಕೊಂಡರು. ಆಮೇಲೆ, ಕೊಂಡ ಹೊಸತರಲ್ಲೇ ಯಜಮಾನ ತೀರಿಕೊಂಡದ್ದರಿಂದ ಷೆಡ್ಡಿನಲ್ಲೇ ಉಳಿದಿದ್ದ, ಓಡಿಯೇ ಇಲ್ಲ ಎನ್ನಬಹುದಾದ ಕಾರೊಂದು ಬಂತು. ಅದೂ ನೂರ ಎಪ್ಪತ್ತೆರಡಕ್ಕೆ ಉಸಿರು ಬಿಟ್ಟಿತು.

ಕೊನೆಗೆ ಕಾರ್ಖಾನೆಯ ಸಂಗ್ರಹಾಲಯದವರು ತಮ್ಮ ಕೆಂಪು ಕಾರನ್ನು ಉರುಳೆಗೆ ಹತ್ತಿಸಿದರು. ಅಂದು ಪತ್ರಿಕೆಯವರಿಗೆ ಕೊಡುತ್ತಿದ್ದ ಕಾರುಗಳಲ್ಲಿ ಉಳಿದದ್ದು ಅದೊಂದೇ. ಪರದೆಯ ಮೇಲೆ ಇನ್ನೂರ ಹದಿನಾಲ್ಕು ಮೂಡಿತು. ಜನ ಹೋ ಎಂದರು.

ವೇದಿಕೆಯ ಮೇಲೆ ಮುಖ್ಯ ಅತಿಥಿಯಾಗಿ ಕೂತಿದ್ದವನು ಅಣ್ಣ. ಅವನು ಬರುವುದು ಅವಳಿಗೆ ಗೊತ್ತಿರಲಿಲ್ಲ, ಅವಳು ಬಂದದ್ದು ಅವನಿಗೂ ಗೊತ್ತಿರಲಿಲ್ಲ. ಯಾರೋ ಅವನ ಕೈಗೆ ಮೈಕು ತುರುಕಿ, "ಸಾರ್, ಏನಿದು ಮಾಯ? ಗುಟ್ಟು ಹೇಳಿ!" ಎಂದರು. ಅವನಿಗೂ ಹುರುಪು ಬಂತು.

"ಈಗ ಹೇಳಿದ್ರೆ ಯಾರು ನನ್ನ ಕೆಲಸದಿಂದ ತೆಗೀತಾರೆ?" ಎಂದ. ನಗು. "ಟರ್ಬೋ ಎಷ್ಟು ಗಾಳಿ ತುಂಬಬೇಕು ಅಂತ ಮಿತಿ ಹಾಕೋಕೆ ಒಂದು ಕವಾಟ ಇರತ್ತೆ, ಅದಕ್ಕೊಂದು ಸಣ್ಣ ಸರಳು. ಆ ಸರಳನ್ನ ನಾಲ್ಕು ಸುತ್ತು ಬಿಗಿ ಮಾಡಿದ್ರೆ ಆಯ್ತು, ಕುದುರೆ ಮರಿ ಹಾಕತ್ತೆ!" ಮತ್ತೆ ನಗು. "ಎಂಜಿನ್ನುಗಳಲ್ಲಿ ಚೆನ್ನಾಗಿರೋದನ್ನ ಆರಿಸಿ ಪತ್ರಿಕೆಯವರಿಗೆ ಇಡ್ತಿದ್ವಿ. ಪಂದ್ಯದ ಗಾಡಿಗಳಿಗೂ ಅಷ್ಟೆ. ಅಂಗಡಿಯಲ್ಲಿ ಕೊಂಡವರಿಗೆ... ಅವರಿಗೆ ಜಾಹೀರಾತು! ಆ ಕಾಲದಲ್ಲಿ ಎಲ್ಲ ಕಂಪನಿಯವರೂ ಹೀಗೇ ಮಾಡ್ತಾರೆ ಅಂತ ನಾವು ಅಂದ್ಕೊಂಡಿದ್ವಿ. ಯಾರಾದ್ರೂ ದೂರು ತಂದ್ರೆ ಏನು ಹೇಳ್ಬೇಕು ಅಂತಾನೂ ಮೇಲಿನವರು ಕಲಿಸಿದ್ರು. ಗಾಡಿ ಸರಿಯಾಗಿದೆ ಸಾರ್, ಓಡಿಸೋ—"

ಅಲ್ಲಿ ಅವನ ಕಣ್ಣು ಮೂರನೇ ಸಾಲಿಗೆ ಬಿತ್ತು. ಮೈಕು ಬಾಯಿಯ ಹತ್ತಿರವೇ ಇತ್ತು, ಬಾಯಿಯೂ ತೆರೆದೇ ಇತ್ತು. ವಯಸ್ಸಾದವರು, ಮರೆತಿರಬೇಕು ಎಂದು ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ದಂತವೈದ್ಯೆ, "ಎಷ್ಟು ತಮಾಷೆಯಾಗಿ ಮಾತಾಡ್ತಾರಲ್ವಾ ಮೇಡಂ?" ಎಂದಳು. ಅವಳು ಕೈಚೀಲ ತೆಗೆದುಕೊಂಡು ಎದ್ದಳು.

ಎರಡು ದಿನ ಬಿಟ್ಟು ಅಣ್ಣನ ಮನೆಗೆ ಹೋದಳು. ಅಣ್ಣ ಅಡುಗೆಮನೆಯ ಮೇಜಿನ ಮುಂದೆ ಮಾತ್ರೆಗಳನ್ನು ಹರಡಿಕೊಂಡು ಕೂತಿದ್ದ. ಅತ್ತಿಗೆ ಟೀ ಇಟ್ಟಳು. ಯಾರೂ ಮುಟ್ಟಲಿಲ್ಲ.

"ಏನ್ಮಾಡ್ಲಿ ಹೇಳು," ಅಣ್ಣನೇ ಶುರು ಮಾಡಿದ. "ಬಾಯಿಬಿಟ್ಟಿದ್ರೆ ಕೆಲಸ ಹೋಗ್ತಿತ್ತು. ಮಕ್ಕಳು ಚಿಕ್ಕೋರು."

"ಕೆಲಸ ಕಳ್ಕೋ ಅಂತ ನಾನೂ ಹೇಳ್ತಿರಲಿಲ್ಲ."

"ನಿನ್ನ ಗಾಡಿ ನೋಡಿ ಕಳಿಸಿದ ದಿನ ಇವರು ಊಟಾನೇ ಮಾಡ್ಲಿಲ್ಲ," ಎಂದಳು ಅತ್ತಿಗೆ.

ಅವಳು ಅತ್ತಿಗೆಯ ಕಡೆ ತಿರುಗಿದಳು. "ಅಂದ್ರೆ ನಿಮಗೂ ಗೊತ್ತಿತ್ತು."

ಅತ್ತಿಗೆ ಸೆರಗಿನ ತುದಿಯನ್ನು ನೋಡತೊಡಗಿದಳು.

"ಅಣ್ಣ, ಒಂದೇ ಒಂದು ಕೇಳ್ತೀನಿ. ಗಾಡಿ ಸರಿಯಾಗಿದೆ ಅಂತ ಹೇಳಿ ನೀನು ಸುಮ್ಮನಾಗಬಹುದಿತ್ತು. ನನ್ನ ಕಾಲು ಸರಿಯಿಲ್ಲ ಅಂತ ಯಾಕೆ ಹೇಳಿದೆ?"

ಅಣ್ಣ ಒಂದು ಮಾತ್ರೆಯನ್ನು ಬೆರಳಿನಿಂದ ಮೇಜಿನ ಮೇಲೆ ಆಚೀಚೆ ತಳ್ಳಿದ. ಸುಳ್ಳು ಹೇಳುವ ವಯಸ್ಸು ದಾಟಿತ್ತು.

"ಇಲ್ಲಾಂದ್ರೆ ನೀನು ಕೇಳೋದು ನಿಲ್ಲಿಸ್ತಿರಲಿಲ್ಲ."

ಆಸ್ಪತ್ರೆಯಲ್ಲಿ ಇವನ ಕಣ್ಣೊರೆಸಿದ್ದು ತಾನು. ಆ ನೆನಪೇ ಎಲ್ಲಕ್ಕಿಂತ ಹೆಚ್ಚು ಕುಟುಕಿತು. ಎದ್ದು ಚಪ್ಪಲಿ ಮೆಟ್ಟಿಕೊಂಡಳು.

ತಿಂಗಳೊಳಗೆ ಅಣ್ಣ ಒಂದು ಏರ್ಪಾಡು ಮಾಡಿದ. ಕ್ಲಬ್ಬಿನವರು ಗುಡ್ಡದ ರಸ್ತೆಯನ್ನು ಒಂದು ಬೆಳಿಗ್ಗೆ ಮುಚ್ಚಿಸುತ್ತಾರೆ, ಸಂಗ್ರಹಾಲಯದ ಕೆಂಪು ಕಾರನ್ನು ತಂಗಿಯೊಬ್ಬಳೇ ಓಡಿಸಬಹುದು. ಹೇಳಿಕಳಿಸಿದ್ದು ದಂತವೈದ್ಯೆಯ ಮೂಲಕ. ಮೊದಲು ಒಲ್ಲೆ ಎಂದಳು. ಆಮೇಲೆ ಮನಸ್ಸು ತಡೆಯಲಿಲ್ಲ. ಇಷ್ಟು ವರ್ಷ ತನ್ನದೆಂದು ಹೊತ್ತ ಕೊರತೆ ತನ್ನದಲ್ಲವೆಂದು ಒಮ್ಮೆ, ಒಂದೇ ಒಂದು ಸಲ, ಕಣ್ಣಾರೆ ನೋಡಬೇಕಿತ್ತು.

ಕಾರು ಏರಿತು. ಎದೆಯ ಮೇಲೆ ಆ ಕೈ ಬಂತು, ಅಂದಿನಷ್ಟೇ ಭಾರವಾಗಿ. ಆದರೆ ಮೊದಲ ತಿರುವಿಗೆ ಇನ್ನೂ ಎಷ್ಟೋ ದೂರವಿರುವಾಗಲೇ ಅವಳ ಕಾಲು ತಾನಾಗಿ ಬ್ರೇಕಿಗೆ ಹೋಗಿತ್ತು. ಸುಮ್ಮನಿರು ಎಂದು ಗದರಿಸಿಕೊಂಡಳು. ಎರಡನೆಯ ತಿರುವಿನಲ್ಲೂ ಹಾಗೇ. ಮೂವತ್ತು ವರ್ಷ ಬೇರೆಯವರ ತಪ್ಪಿಗೆ ಮೊದಲೇ ಬ್ರೇಕು ಹಿಡಿದು ಪಳಗಿದ ಕಾಲು ಅದು, ಯಜಮಾನಿಯ ಮಾತು ಕೇಳುವುದನ್ನು ಎಂದೋ ಬಿಟ್ಟಿತ್ತು. ಭುಜ ಸ್ಟೀರಿಂಗಿನ ಎಳೆತಕ್ಕೆ ಚೀರಿತು. ಕ್ವಾರಿಯ ತಿರುವಿನಲ್ಲಿ ಅವಳು ಶಾಲೆಯ ಬಸ್ಸಿನ ವೇಗಕ್ಕೆ ಇಳಿದಿದ್ದಳು. ಕಾರಿನಲ್ಲಿ ಇನ್ನೂರ ಹದಿನಾಲ್ಕು ಕುದುರೆಗಳೂ ಇದ್ದವು. ಅಂದಿನ ತಾನು ಎಷ್ಟು ಬಲದವಳಾಗಿದ್ದೆ ಎಂದು ಅಳೆಯುವ ಉರುಳೆ ಮಾತ್ರ ಎಲ್ಲಿಯೂ ಇರಲಿಲ್ಲ.

ಮೇಲೆ ಅಣ್ಣ ಊರುಗೋಲು ಹಿಡಿದು ಕಾಯುತ್ತಿದ್ದ. ಅವಳು ಕೀಲಿಕೈಯನ್ನು ಸಂಗ್ರಹಾಲಯದವನ ಕೈಗೆ ಕೊಟ್ಟು, ಅಣ್ಣನನ್ನು ದಾಟಿ, ದಂತವೈದ್ಯೆಯ ಕಾರಿನಲ್ಲಿ ಕೂತಳು. ಅಂದಿನಿಂದ ಅಣ್ಣತಂಗಿ ಮದುವೆ, ಸಾವುಗಳಲ್ಲಿ ಎದುರಾದರೆ ಮಂಡಿನೋವಿನ ಬಗ್ಗೆ ಎರಡು ಮಾತಾಡುತ್ತಾರೆ. ಅಷ್ಟೆ.

ಅಣ್ಣನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಕಾರ್ಖಾನೆಯವರು ಆ ಕಾರಿನ ಹೆಸರಿನಲ್ಲೇ ಹೊಸ ಕಾರೊಂದನ್ನು ತರುತ್ತಿದ್ದರು. ತಂಗಿಗೆ ಈಗಲಾದರೂ ಮರ್ಯಾದೆ ಸಿಗಲಿ ಎಂದು ಅವನೇ, ಸೋತ ಪಂದ್ಯದ ಮರುದಿನ ಪತ್ರಿಕೆಯಲ್ಲಿ ಬಂದಿದ್ದ ಅವಳ ಹಳೆಯ ಫೋಟೊವನ್ನು ಒಯ್ದು ಅವರಿಗೆ ಕೊಟ್ಟ. ಒಪ್ಪಿಗೆ ಕೇಳಲು ಕಾರ್ಖಾನೆಯ ಕಡೆಯ ಹುಡುಗಿಯೊಬ್ಬಳು ಬಂದಾಗ ಅವಳು, "ಬೇಡ" ಎಂದು ಬಾಗಿಲು ಹಾಕಿಕೊಂಡಳು. ಆದರೆ ಫೋಟೊ ತೆಗೆದದ್ದು ಪತ್ರಿಕೆಯವರು, ಹಕ್ಕು ಅವರದು, ಅವರು ಮಾರಿದರು. ದೊಡ್ಡ ಚೌಕದಲ್ಲಿ ನಾಲ್ಕು ಮಹಡಿಯೆತ್ತರದ ಫಲಕ ಎದ್ದಿತು. ಹೆಲ್ಮೆಟ್ಟನ್ನು ಸೊಂಟಕ್ಕೆ ಒತ್ತಿಕೊಂಡು ನಿಂತ ಹುಡುಗಿ, ಅವಳ ಹಿಂದೆ ಕೆಂಪು ಕಾರು. "ಅಂದಿನಿಂದಲೂ ಗೆಲ್ಲುವವರ ಆಯ್ಕೆ" ಎಂದು ಕೆಳಗೆ ಬರೆದಿದ್ದರು.

ಡ್ರೈವಿಂಗ್ ಪರೀಕ್ಷೆಯ ದಾರಿ ಆ ಚೌಕದ ಮೂಲಕವೇ ಹೋಗುತ್ತದೆ, ತಪ್ಪಿಸುವ ಹಾಗಿಲ್ಲ. ಮೊನ್ನೆ ಕೆಂಪು ದೀಪಕ್ಕೆ ನಿಂತಾಗ ಕಲಿಯಲು ಬಂದ ಹೆಂಗಸು ಮೇಲೆ ನೋಡಿದಳು, ಪಕ್ಕಕ್ಕೆ ನೋಡಿದಳು, ಮತ್ತೆ ಮೇಲೆ ನೋಡಿದಳು.

"ಮೇಡಂ... ಅದು ನೀವೇ ಅಲ್ವಾ?"

"ಹಸಿರು ಬಂತು," ಎಂದಳು ಅವಳು. "ಗೇರು ಹಾಕಿ."